ರನ್ ಅಂದ್ರೆ ಬರೀ ಓಟಾನಾ?

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಅಪ್ಪನ ಕಂಪ್ಯೂಟರಿಗೆ ಒಂದು ಪುಟ್ಟ ತಂತ್ರಾಂಶ ಹಾಕಿಕೊಟ್ಟೆ. ಅಂಗಡಿ ಲೆಕ್ಕದ ಕಡತಗಳನ್ನ ದಿನಾ ಸಂಜೆ ಇನ್ನೊಂದು ಕಡೆ ನಕಲು ಮಾಡಿಡೋದು ಅದರ ಕೆಲಸ. ಮುಕ್ತ ತಂತ್ರಾಂಶ, ಅದರ ಮೆನುಗಳನ್ನ ಕನ್ನಡಕ್ಕೆ ತಂದವರಲ್ಲಿ ನಾನೂ ಒಬ್ಬ. ಸ್ವಲ್ಪ ಜಂಬದಲ್ಲೇ ತೋರಿಸಿದೆ ಅನ್ನಿ :-)

ನಾಲ್ಕು ದಿನ ಬಿಟ್ಟು ಅಪ್ಪ ಕರೆದರು. ಪರದೆ ಮೇಲೆ ಒಂದು ಗುಂಡಿ, ಅದರಲ್ಲಿ 'ಓಡಿಸು' ಅಂತಿತ್ತು. ಕೆಳಗೆ ಹಿಂದಿನ ನಾಲ್ಕು ತಾರೀಖುಗಳ ಪಟ್ಟಿ, ಅದರ ತಲೆಬರಹವೂ 'ಓಡಿಸು'. "ದಿನಾ ಯಾರನ್ನೋ ಓಡಿಸ್ತಿದೆಯಲ್ಲ, ಯಾರನ್ನ?" ಅಂದರು. ಇಬ್ಬರೂ ನಕ್ಕೆವು. ಆದರೆ ಮಾರನೇ ದಿನ ನೋಡಿದರೆ ಅದನ್ನ ಇಂಗ್ಲಿಷಿಗೆ ಬದಲಾಯಿಸಿಕೊಂಡಿದ್ದರು. ಕನ್ನಡ ಪೇಪರನ್ನ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದೋ ಮನುಷ್ಯ, ಇಂಗ್ಲಿಷನ್ನ ಒಂದೊಂದೇ ಅಕ್ಷರ ಕೂಡಿಸಿ ಓದುವವರು. "ಕಂಪ್ಯೂಟರ್‌ಗೆಲ್ಲ ಕನ್ನಡ ಸರಿ ಹೊಂದಲ್ಲ ಕಣೋ" ಅಂದುಬಿಟ್ಟರು.

ಆ ಮಾತು ಚುಚ್ಚಿತು. ತಪ್ಪು ಕನ್ನಡದ್ದಲ್ಲ, ನನ್ನದು. ಇಂಗ್ಲಿಷಿನ 'ರನ್' ಅನ್ನೋ ಮೂರಕ್ಷರದ ಪದವನ್ನ ನಾನು ನಂಬಿದ್ದೇ ತಪ್ಪು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದದ್ದು 'ಸೆಟ್' ಪದಕ್ಕೆ, ಸುಮಾರು 430. ಆಮೇಲೆ ನಿಘಂಟನ್ನ ಪರಿಷ್ಕರಿಸುತ್ತಾ 'ರನ್' ಹತ್ತಿರ ಬಂದಾಗ ಪೀಟರ್ ಗಿಲಿವರ್ ಅನ್ನೋ ನಿಘಂಟುಕಾರರು ಆ ಒಂದೇ ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಕೂತರಂತೆ. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಸಿಕ್ಕವು!

ನಾವೇ ಸ್ವಲ್ಪ ಲೆಕ್ಕ ಹಾಕೋಣ. ನಾಯಿ ರನ್ ಆದರೆ ಓಡುತ್ತದೆ. ಹೊಳೆ ರನ್ ಆದರೆ ಹರಿಯುತ್ತದೆ. ಮೂಗು ರನ್ ಆದರೆ ಸೋರುತ್ತದೆ. ಒಗೆದಾಗ ಬಣ್ಣ ರನ್ ಆದರೆ ಸೀರೆ ಬಣ್ಣ ಬಿಡುತ್ತದೆ. ಹೋಟೆಲು ರನ್ ಮಾಡಿದರೆ ನಡೆಸಿದ ಹಾಗೆ. ಹಾಲು ರನ್ ಔಟ್ ಆದರೆ ಖಾಲಿ, ಬ್ಯಾಟ್ಸ್‌ಮನ್ ರನ್ ಔಟ್ ಆದರೆ ಪೆವಿಲಿಯನ್ನಿಗೆ. ಚೆಂಡು ಬೌಂಡರಿಗೆ ಹೋದರೆ ಬ್ಯಾಟ್ಸ್‌ಮನ್ ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ರನ್! ಎಲ್ಲಕ್ಕಿಂತ ಮಜಾ ಚುನಾವಣೆಯದು. ಅಮೆರಿಕದಲ್ಲಿ ಅಭ್ಯರ್ಥಿ ಓಡುತ್ತಾನೆ, ನಮ್ಮಲ್ಲಿ ನಿಲ್ಲುತ್ತಾನೆ.

ಸಿನಿಮಾ ವಿಷಯದಲ್ಲಿ ಮಾತ್ರ ಎರಡೂ ಭಾಷೆ ಒಂದೇ ಕಡೆ ಸೇರುತ್ತವೆ. 2006ರ 'ಮುಂಗಾರು ಮಳೆ' ವರ್ಷಕ್ಕೂ ಮಿಕ್ಕಿ 'ಓಡಿತು' ಅಂತಲೇ ನಾವೂ ಹೇಳ್ತೀವಿ.

ಇದು ಇಂಗ್ಲಿಷಿನ ದೊಡ್ಡಸ್ತಿಕೆ, ಕನ್ನಡದ ಬಡತನ ಅಂದುಕೊಳ್ಳಬೇಡಿ. ನಮ್ಮ 'ಹೊಡೆ' ತಗೊಳ್ಳಿ. ಕಣ್ಣು ಹೊಡೀತೀವಿ, ಬಣ್ಣ ಹೊಡೀತೀವಿ, ಹರಟೆ ಹೊಡೀತೀವಿ, ನಿದ್ದೆ ಹೊಡೀತೀವಿ, ಪರೀಕ್ಷೆಯಲ್ಲಿ ಕಾಪಿ ಹೊಡೀತೀವಿ, ಲಾಟರಿ ತಾನಾಗಿ ಹೊಡೆಯುತ್ತೆ. ಇವನ್ನೆಲ್ಲ ಇಂಗ್ಲಿಷಿಗೆ 'ಬೀಟ್' ಅಂತ ಒಂದೇ ಪದದಲ್ಲಿ ತಂದರೆ ಇಂಗ್ಲಿಷಿನವರು ನಗಲ್ವಾ? ನಾವು ಮಾಡ್ತಿರೋದು ಅದನ್ನೇ, ತಿರುಗಾಮುರುಗಾ.

ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಮುಕ್ತ ತಂತ್ರಾಂಶಗಳಲ್ಲಿ ಅನುವಾದಕ್ಕೆ ಹೆಚ್ಚಾಗಿ ಬಳಸೋದು ಗೆಟ್‌ಟೆಕ್ಸ್ಟ್. ಅದರಲ್ಲಿ ಇಂಗ್ಲಿಷ್ ಪದವೇ ಬೀಗದ ಕೈ. ಗುಂಡಿಯಲ್ಲಿ 'ರನ್' ಇರಲಿ, ಪಟ್ಟಿಯ ತಲೆಬರಹದಲ್ಲಿ 'ರನ್' ಇರಲಿ, ಅನುವಾದಕನಿಗೆ ಕಾಣೋದು ಒಂದೇ ಸಾಲು. ಒಂದಕ್ಕೆ ಕ್ರಿಯಾಪದ ಬೇಕು, ಇನ್ನೊಂದಕ್ಕೆ ನಾಮಪದ ಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಇಂಗ್ಲಿಷಿನಲ್ಲಿ ಎರಡೂ ಒಂದೇ, ಕನ್ನಡದಲ್ಲಿ ಅಲ್ಲ. ಇದಕ್ಕೆ ಮದ್ದು ಇಲ್ಲದೇ ಇಲ್ಲ. 2006ರಲ್ಲೇ ಗೆಟ್‌ಟೆಕ್ಸ್ಟಿನ 0.15 ಆವೃತ್ತಿಯಲ್ಲಿ ಪದದ ಜೊತೆಗೆ ಸಂದರ್ಭ ಸೇರಿಸೋ ಸೌಲಭ್ಯ ಬಂತು. ಆದರೆ ಕೋಡ್ ಬರೆಯೋರು ಅದನ್ನ ತುಂಬಬೇಕಲ್ಲ! ನಾನೂ ಎಷ್ಟೋ ಸಲ ತುಂಬಿಲ್ಲ, ಒಪ್ಪಿಕೊಳ್ತೀನಿ.

'ಸುಮ್ನೆ ಕನ್ನಡ ಲಿಪಿಯಲ್ಲಿ ರನ್ ಅಂತ ಬರೀರಪ್ಪ' ಅಂತ ಕೆಲವು ಗೆಳೆಯರು ಹೇಳ್ತಾರೆ. ಬಸ್ಸು, ಬ್ಯಾಂಕು ಥರ ಜನ ಆಗಲೇ ಬಳಸೋ ಪದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮಪ್ಪನಿಗೆ ರನ್ ಅಂದರೆ ಜಿ. ಆರ್. ವಿಶ್ವನಾಥ್ ಬಾರಿಸಿದ್ದು. ನಿಮಗೆ, ನನಗೆ ಇಂಗ್ಲಿಷಿನ ಮೆನು ಸಾಕು. ಕನ್ನಡದ ಮೆನು ಬೇಕಿರೋದೇ ಅವರಂಥವರಿಗೆ. ಅವರಿಗೇ ಅರ್ಥ ಆಗದಿದ್ದರೆ ನಮ್ಮ ಅನುವಾದ ಯಾರಿಗೆ?

ನನಗನ್ನಿಸೋದು ಇಷ್ಟೇ. ಪದಕ್ಕೊಂದು ಪದ ಅನ್ನೋ ಪಟ್ಟಿ ಇಟ್ಟುಕೊಂಡು ಅನುವಾದ ಮಾಡೋದು ಬಿಡೋಣ. ತಂತ್ರಾಂಶವನ್ನ ಒಮ್ಮೆ ತೆರೆದು, ಆ ಪದ ಎಲ್ಲಿ ಕೂರುತ್ತೆ ಅಂತ ನೋಡಿ, ಅಲ್ಲಿ ನಮ್ಮ ಮನೆಯವರು ಏನಂತಾರೆ ಅಂತ ಯೋಚಿಸಿ ಬರೆಯೋಣ. ಕೋಡ್ ಬರೆಯೋ ನನ್ನಂಥವರು ಸಂದರ್ಭ ಸೇರಿಸೋಣ, ಒಂದು ಸಾಲಿನ ಕೆಲಸ. ವಿಚಿತ್ರ ಕನ್ನಡ ಕಂಡಾಗ ಸ್ಕ್ರೀನ್‌ಶಾಟ್ ಹಾಕಿ ನಗೋ ಬದಲು ಅನುವಾದಕರಿಗೆ ಎರಡು ಸಾಲು ಬರೆಯೋಣ.

ನಾನು ಗುಂಡಿಗೆ 'ಶುರು ಮಾಡಿ' ಅಂತಲೂ ಪಟ್ಟಿಗೆ 'ನಕಲು ಮಾಡಿದ ದಿನ' ಅಂತಲೂ ತಿದ್ದಿ ಕಳಿಸಿದ್ದೀನಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರಿನಲ್ಲಿ ಮತ್ತೆ ಕನ್ನಡ ಹಾಕ್ತೀನಿ. ಅವರು ಉಳಿಸಿಕೊಳ್ತಾರಾ ನೋಡಬೇಕು.

ನೀವು ಕಂಡ ಇಂಥ 'ಓಡಿಸು'ಗಳಿದ್ದರೆ ಕಾಮೆಂಟಿನಲ್ಲಿ ಹಾಕಿ. ಜೊತೆಗೆ ನಿಮ್ಮ ಪರ್ಯಾಯ ಪದಾನೂ ಇರಲಿ, ಏನಂತೀರಿ?