ಡಬ್ಬಿ ಅಂದ್ರೆ ಮೂಗು ಮುರಿಯೋರಿಗೆ

ಟಿನ್ ಟೊಮೇಟೊ ಹಾಕಿ ಸಾರು ಮಾಡಿದೆ ಅಂತ ನಮ್ಮವರ ಮುಂದೆ ಹೇಳಿ ನೋಡಿ. "ಅಯ್ಯೋ, ಡಬ್ಬೀದಾ?" ಅಂತ ಒಂದು ದನಿ ಬಂದೇ ಬರುತ್ತೆ. ಆ "ಅಯ್ಯೋ" ಮೇಲೆ ನನಗೆ ಸಿಟ್ಟಿದೆ. ನಮ್ಮ ಅಡುಗೆಯನ್ನು ವಿದೇಶದಲ್ಲಿ ಉಳಿಸೋದಕ್ಕಿಂತ ಬಿಡಿಸೋ ಕೆಲಸವನ್ನೇ ಅದು ಹೆಚ್ಚು ಮಾಡ್ತಿದೆ.

ಮೊದಲು ಟೊಮೇಟೊ ವಿಷಯಕ್ಕೇ ಬರೋಣ. ಇಂಗ್ಲೆಂಡಿನ ಜನವರಿಯಲ್ಲಿ ನೀವು "ಫ್ರೆಶ್" ಅಂತ ಕೊಳ್ಳೋ ಟೊಮೇಟೊ ಬಹುಪಾಲು ಸ್ಪೇನ್, ಮೊರಾಕ್ಕೋ ಕಡೆಯಿಂದ ಲಾರಿಯಲ್ಲಿ ಬಂದದ್ದು. ದಾರಿಯಲ್ಲಿ ಜಜ್ಜಿಹೋಗಬಾರದು ಅಂತ ಗಟ್ಟಿಯಿರುವಾಗಲೇ ಕಿತ್ತಿರುತ್ತಾರೆ. ಹೊರಗೆ ಕೆಂಪು, ಒಳಗೆ ನೀರು. ಸಾರಿಗೆ ಹಾಕಿದರೆ ಹುಳಿಯೂ ಇಲ್ಲ, ಸಿಹಿಯೂ ಇಲ್ಲ. ಕೊನೆಗೆ ಹುಣಸೆಹಣ್ಣೇ ಮಾನ ಕಾಪಾಡಬೇಕು. ಇಟಲಿಯ ಟಿನ್ ಟೊಮೇಟೊ ಬೇಸಿಗೆ ಬಿಸಿಲಲ್ಲಿ ಗಿಡದಲ್ಲೇ ಹಣ್ಣಾಗಿ ಡಬ್ಬಿ ಸೇರಿದ್ದು. ಬಿಸಿಗೆ ಸಿ ವಿಟಮಿನ್ ಒಂದಿಷ್ಟು ಹೋಗುತ್ತೆ, ಒಪ್ಪಿದೆ. ಆದರೆ ಅದಕ್ಕೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಬೇಯಿಸಿದ ಮೇಲೇ ಮೈಗೆ ಚೆನ್ನಾಗಿ ಹತ್ತೋದು. ಅಷ್ಟಕ್ಕೂ ನೀವು ತಾಜಾ ಟೊಮೇಟೊ ತಂದರೂ ಸಾರಿನಲ್ಲಿ ಕುದಿಸೋದೇ ತಾನೇ?

ಊರಲ್ಲಿ ಬೆಳಿಗ್ಗೆ ಸಂತೆಯಿಂದ ತಂದ ಸೊಪ್ಪು ಮಧ್ಯಾಹ್ನಕ್ಕೆ ಬಸ್ಸಾರಾಗುತ್ತೆ. ಅದು ತಾಜಾ. ಇಲ್ಲಿ ಎಷ್ಟೋ ದಿನ ದಾರಿಯಲ್ಲಿ ಕಳೆದು, ಅಂಗಡಿಯಲ್ಲಿ ಕೂತು, ಶನಿವಾರದಿಂದ ಬುಧವಾರದವರೆಗೆ ನಿಮ್ಮ ಫ್ರಿಜ್ಜಿನಲ್ಲಿ ಬಾಡಿದ ಪಾಲಕ್ ಸೊಪ್ಪಿಗೂ ಅದೇ ಹೆಸರು ಯಾಕೆ? ಅದರ ಸಿ ವಿಟಮಿನ್ ಮತ್ತು ಫೋಲೇಟ್ ಫ್ರಿಜ್ಜಿನಲ್ಲಿದ್ದರೂ ದಿನೇದಿನೇ ಇಳಿಯುತ್ತಿರುತ್ತವೆ. ಟಿನ್ನಿನ ಮೇಲೆ ತಾರೀಖಾದರೂ ಇರುತ್ತೆ.

"ನಮ್ಮ ಅಜ್ಜಿ ಇಂಥದ್ದೆಲ್ಲ ಮುಟ್ಟುತ್ತಿರಲಿಲ್ಲ" ಅಂತೀರಾ? ಮಳೆಗಾಲಕ್ಕೆ ಅಂತ ಹಲಸಿನ ತೊಳೆಗೆ ಉಪ್ಪು ಹಾಕಿ ಭರಣಿ ತುಂಬಿದವರು ಯಾರು? ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ವರ್ಷಕ್ಕಾಗುವಷ್ಟು ಉಪ್ಪಿನಕಾಯಿ? ಆಹಾರ ಕೆಡದಂತೆ ಇಡೋದು ಅಜ್ಜಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಫ್ರಾನ್ಸಿನ ನಿಕೊಲಾ ಅಪೇರ್ ಉಪ್ಪು, ಬಿಸಿಲಿನ ಬದಲು ಗಾಜಿನ ಸೀಸೆಯಲ್ಲಿ ಆಹಾರ ಮುಚ್ಚಿ ಕುದಿಸಿದ. 1810ರಲ್ಲಿ ಆ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ, ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. 1813ರ ಹೊತ್ತಿಗೆ ಲಂಡನ್ನಿನ ಬರ್ಮಂಡ್ಸೆಯಲ್ಲಿ ತಗಡಿನ ಡಬ್ಬಿಯ ಕಾರ್ಖಾನೆಯೇ ನಡೆಯುತ್ತಿತ್ತು. (ಟಿನ್ ಓಪನರ್ ಬರಲು ಇನ್ನೂ ದಶಕಗಳು ಬೇಕಾದವು. ಅಲ್ಲಿಯವರೆಗೆ ಉಳಿ, ಸುತ್ತಿಗೆ!) ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಪ್ಯಾಕೆಟ್ ಊಟ ಸಿದ್ಧಪಡಿಸಿದ್ದೂ ಇದೇ ದಾರಿಯಲ್ಲಿ: ಮುಚ್ಚು, ಬಿಸಿ ಮಾಡು, ಕೆಡದಂತೆ ಇಡು.

ಹಾಗಂತ ಟಿನ್ನಿನಲ್ಲಿರೋದೆಲ್ಲ ಅಮೃತ ಅಂತ ನಾನು ಹೇಳಲ್ಲ. ಟಿನ್ ಹುರುಳಿಕಾಯಿಯಲ್ಲಿ ಪಲ್ಯ ಮಾಡಿದರೆ ಮುದ್ದೆಯಾಗುತ್ತೆ, ಬೇಡ. ಸಕ್ಕರೆ ಪಾಕದ ಅನಾನಸ್ ಗೊಜ್ಜಿಗೆ ಲಾಯಕ್ಕಿಲ್ಲ. ಅದರದೇ ರಸದಲ್ಲಿರೋದು ಸಿಗುತ್ತೆ. ಉಪ್ಪು ನೋಡಿಕೊಳ್ಳಿ: ಇಲ್ಲಿನ ಎನ್‌ಎಚ್‌ಎಸ್ ದೊಡ್ಡವರಿಗೆ ಹೇಳೋ ಮಿತಿ ದಿನಕ್ಕೆ 6 ಗ್ರಾಂ. ಕಾಳಿನ ಟಿನ್ ಆದರೆ ನೀರು ಬಸಿದು ತೊಳೆದರೆ ಉಪ್ಪು ಸಾಕಷ್ಟು ಇಳಿಯುತ್ತೆ, ಪ್ಯಾಕೆಟ್ ಸಾಂಬಾರಿಗೆ ಆ ಉಪಾಯ ನಡೆಯಲ್ಲ. ಡಬ್ಬಿಯ ಒಳಲೇಪನದಲ್ಲಿ ಬಳಸುವ ಬಿಪಿಎ ಬಗ್ಗೆ ಇರೋ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. ಐರೋಪ್ಯ ಒಕ್ಕೂಟ 2024ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸಿತು. ಉಬ್ಬಿದ ಡಬ್ಬಿಯನ್ನಂತೂ ರುಚಿ ಕೂಡ ನೋಡದೆ ಎಸೆಯಿರಿ.

ಆದರೆ "ಅಯ್ಯೋ" ಅನ್ನೋರು ಉಪ್ಪಿನ ಬಗ್ಗೆಯಾಗಲಿ ಲೇಪನದ ಬಗ್ಗೆಯಾಗಲಿ ಮಾತಾಡ್ತಿಲ್ಲ. ಅವರು ಅಳೀತಿರೋದು ಅಡುಗೆ ಮಾಡಿದವರ ಶ್ರದ್ಧೆಯನ್ನು. ಸಂಜೆ ಆರೂವರೆಗೆ ಕೆಲಸದಿಂದ ಬಂದ ಹೆಂಗಸು ಕಾಳು ನೆನೆಸಲಿಲ್ಲ, ಕಾಯಿ ಒಡೆದು ತುರಿಯಲಿಲ್ಲ ಅಂತ. ಎಲ್ಲ ತಾಜಾ ಬೇಕು ಅನ್ನೋರ ಕೈಯಲ್ಲಿ ತುರಿಮಣೆ ಇರೋದನ್ನ ನಾನಂತೂ ಅಪರೂಪಕ್ಕೂ ಕಂಡಿಲ್ಲ.

ಇದರ ನಷ್ಟ ನಿಮಗೇ ಹೆಚ್ಚು, ಇಲ್ಲೇ ಹುಟ್ಟಿ ಬೆಳೆದ ಮಕ್ಕಳೇ. ಯೂನಿವರ್ಸಿಟಿ ರೂಮಿನಲ್ಲಿ ಒಂದೇ ಪಾತ್ರೆ, ಕುಕ್ಕರ್ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಅಲಸಂದೆ ಸಾರು ಕೇಳಿದರೆ "ರಾತ್ರಿಯೇ ನೆನೆಹಾಕು" ಅನ್ನೋ ಮೊದಲ ವಾಕ್ಯಕ್ಕೇ ನೀವು ಪಿಜ್ಜಾ ತರಿಸ್ತೀರಿ. ನಿಮ್ಮ ತಪ್ಪಲ್ಲ ಅದು. ಹೀಗೆ ಒಂದೊಂದೇ ಸಾರು, ಹುಳಿ, ಗೊಜ್ಜು ಮನೆಯಿಂದ ಹೊರಗೆ ಬೀಳುತ್ತೆ. ಆಮೇಲೆ ಅದೇ ಹಿರಿಯರು "ಮಕ್ಕಳಿಗೆ ನಮ್ಮ ಊಟವೇ ಬೇಡ" ಅಂತ ಕೊರಗುತ್ತಾರೆ.

ಬ್ಲ್ಯಾಕ್ ಐ ಬೀನ್ಸ್ ಅಂತ ಬರೆದಿರೋ 400 ಗ್ರಾಂ ಟಿನ್ ತನ್ನಿ. ಅದೇ ನಮ್ಮ ಅಲಸಂದೆ. ಬಸಿದರೆ ಸುಮಾರು 240 ಗ್ರಾಂ ಕಾಳು, ಇಬ್ಬರಿಗೆ ಸಾಕು. ಎಣ್ಣೆಗೆ ಸಾಸಿವೆ, ಕರಿಬೇವು, ಈರುಳ್ಳಿ. ಅರ್ಧ ಟಿನ್ ಟೊಮೇಟೊ. ಅಮ್ಮ ಕಳಿಸಿದ ಸಾರಿನ ಪುಡಿ. ತೊಳೆದ ಕಾಳು, ಒಂದು ಲೋಟ ನೀರು. ಹತ್ತು ನಿಮಿಷ ಕುದಿಸಿ, ಉಪ್ಪು ಕೊನೆಗೆ ರುಚಿ ನೋಡಿ ಹಾಕಿ. ಮಿಕ್ಕ ಟೊಮೇಟೊನ ಟಿನ್ನಿನಲ್ಲೇ ಬಿಡದೆ ಬೇರೆ ಡಬ್ಬಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ. ತೆಂಗಿನಹಾಲಿನ ಟಿನ್ ಪಾಯಸಕ್ಕೆ ಚೆನ್ನ, ಚಟ್ನಿಗೆ ಮಾತ್ರ ಬೇಡ. ಅದಕ್ಕೆ ಫ್ರೀಜರ್‌ನಲ್ಲಿ ಸಿಗೋ ಕಾಯಿತುರಿ ತನ್ನಿ.