ಕೇಳದೆ ಉಳಿದ ಪ್ರಶ್ನೆ

ನವೆಂಬರ್ 2, ಮೃತರ ಸ್ಮರಣೆಯ ದಿನ. ಸಮಾಧಿ ಭೂಮಿಯಲ್ಲಿ ಬಲಿಪೂಜೆ ಮುಗಿಸಿ, ಗೋರಿಗಳ ಮೇಲೆ ತೀರ್ಥ ಪ್ರೋಕ್ಷಿಸುತ್ತ ನಾವು ಬರುತ್ತಿದ್ದೆವು. ಕುಟುಂಬದವರೆಲ್ಲ ತಮ್ಮ ತಮ್ಮವರ ಗೋರಿಗಳ ಮುಂದೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಿಂತಿದ್ದರು. ಎಂಬತ್ತು ದಾಟಿದ ತಾಯಿಯೊಬ್ಬರು ಮಾತ್ರ ಗೇಟಿನಿಂದ ಹೊರಗೆ ನಡೆದು, ಕಾಂಪೌಂಡು ಗೋಡೆಯ ಆಚೆಗಿನ ಹೊಂಗೆಮರದ ಬುಡದಲ್ಲಿ ಒಂದು ಬತ್ತಿ ಹಚ್ಚಿಟ್ಟು ಕೈಮುಗಿದರು.

ವಿಚಾರಿಸಿದಾಗ ತಿಳಿಯಿತು: ಅದು ಅವರ ಚೊಚ್ಚಲ ಮಗುವನ್ನು ಮಣ್ಣು ಮಾಡಿದ ಜಾಗ. 1960ರ ದಶಕದಲ್ಲಿ ಆ ಮಗು ಹುಟ್ಟಿದ ಎರಡನೆಯ ದಿನವೇ, ಜ್ಞಾನಸ್ನಾನವಾಗುವ ಮೊದಲೇ ತೀರಿಕೊಂಡಿತು. ಪ್ರಾಣಾಪಾಯದಲ್ಲಿರುವ ಶಿಶುವಿಗೆ ಯಾರು ಬೇಕಾದರೂ, ಧರ್ಮಸಭೆಯ ಉದ್ದೇಶದಿಂದಲೇ, ನೀರು ಸುರಿದು ತ್ರಿತ್ವದ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಗ ಜಾರಿಯಲ್ಲಿದ್ದ 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಅಂಥ ಮಗುವಿಗೆ ಧರ್ಮಸಭೆಯ ವಿಧಿಯಂತೆ ಶವಸಂಸ್ಕಾರವಿರಲಿಲ್ಲ. ಮಂತ್ರಿಸಿದ ನೆಲದಲ್ಲಿ ಸ್ಥಳವೂ ದೊರೆಯಲಿಲ್ಲ. ಮಗು ಎಲ್ಲಿಗೆ ಹೋಯಿತೆಂದು ಆ ತಾಯಿ ಕೇಳಿದ್ದಕ್ಕೆ, ಅಂಥದ್ದನ್ನೆಲ್ಲ ಕೇಳಬಾರದು ಎಂಬ ಉತ್ತರ ಬಂದಿತಂತೆ. ಅವರು ಮತ್ತೆ ಕೇಳಲಿಲ್ಲ. ಆದರೆ ಅರವತ್ತು ವರ್ಷ ಒಂದು ಭಾನುವಾರವೂ ತಪ್ಪದೆ ಬಲಿಪೂಜೆಗೆ ಬಂದರು. ಪ್ರತಿ ವರ್ಷವೂ ಗೋಡೆಯಾಚೆ ಬತ್ತಿ ಹಚ್ಚಿದರು.

"ನನ್ನ ಕೂಸು ಈಗ ಎಲ್ಲೈತೆ ಸ್ವಾಮಿ?" ಎಂದು ಅಂದು ಅವರು ನಮ್ಮನ್ನು ಕೇಳಿದರು.

ನಮಗೆ ತಿಳಿದುದನ್ನು ಹೇಳಿದೆವು. ಇಂಥ ಶಿಶುಗಳು ಲಿಂಬೋ ಎಂಬಲ್ಲಿಗೆ ಸೇರುತ್ತವೆ, ಅಲ್ಲಿ ನೋವಿಲ್ಲ, ಆದರೆ ದೇವರ ದರ್ಶನವೂ ಇಲ್ಲ ಎಂದು ಹಿಂದೆ ಕಲಿಸುತ್ತಿದ್ದುದು ನಿಜ. ಆದರೆ ಅದು ದೈವಶಾಸ್ತ್ರಜ್ಞರ ಅಭಿಪ್ರಾಯವಾಗಿತ್ತೇ ಹೊರತು, ಧರ್ಮಸಭೆ ಅದನ್ನು ವಿಶ್ವಾಸಸತ್ಯವೆಂದು ಎಂದೂ ಘೋಷಿಸಿರಲಿಲ್ಲ. 1969ರಲ್ಲಿ ಪರಿಷ್ಕೃತವಾದ ಶವಸಂಸ್ಕಾರ ವಿಧಿಯಲ್ಲಿಯೇ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳಿಗಾಗಿ ಪ್ರಾರ್ಥನೆಗಳು ಸೇರಿದವು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಆ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ವಿಶ್ವಗುರು ಹದಿನಾರನೆಯ ಬೆನೆಡಿಕ್ಟರ ಸಮ್ಮತಿಯೊಂದಿಗೆ ಪ್ರಕಟಿಸಿದ ಅಧ್ಯಯನವು, ಅವರು ರಕ್ಷಣೆ ಹೊಂದುತ್ತಾರೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದಿತು. ಇದು ಖಚಿತ ಜ್ಞಾನವಲ್ಲ, ಭರವಸೆ. ಆದರೆ ಧರ್ಮಸಭೆಯೇ ಕೈಹಿಡಿದು ಕೊಡುವ ಭರವಸೆ.

ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಇದನ್ನ ಮೊದಲೇ ಯಾಕೆ ಯಾರೂ ಹೇಳಲಿಲ್ಲ ಸ್ವಾಮಿ?" ಎಂದರು.

ಮೊದಲ ಪ್ರಶ್ನೆಗೆ ಉತ್ತರವಿತ್ತು. ಈ ಎರಡನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಜ್ಞಾನಸ್ನಾನವನ್ನು ಕುರಿತು ಅದೇ ಪೀಠದಿಂದ ನಾವು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇವೆ. ಅದು ಎಷ್ಟು ಅಗತ್ಯವೆಂದು ಒತ್ತಿ ಹೇಳಿದ ಪ್ರತಿ ಸಲವೂ ಮೂರನೆಯ ಸಾಲಿನಲ್ಲಿ ಕುಳಿತ ಒಂದು ಜೀವ ಮೌನವಾಗಿ ನೊಂದಿರಬೇಕು. ನಮಗೆ ಅದು ತಿಳಿಯಲಿಲ್ಲ, ಏಕೆಂದರೆ ಅವರು ಕೇಳಲಿಲ್ಲ. ಅವರು ಕೇಳಲಿಲ್ಲ, ಏಕೆಂದರೆ ಕೇಳಬಾರದೆಂದು ನಮ್ಮವರೇ ಕಲಿಸಿದ್ದೆವು.

ನಮ್ಮ ಕುಟುಂಬಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಗುರುಗಳನ್ನು ಪ್ರಶ್ನಿಸುವುದು ಅವಿಧೇಯತೆ, ಧರ್ಮಸಭೆಯ ಬೋಧನೆ ಅರ್ಥವಾಗಲಿಲ್ಲವೆನ್ನುವುದು ಅವಿಶ್ವಾಸ ಎಂಬ ಭಾವನೆ ಅದು. ಇನ್ನೊಂದೆಡೆ, ಗುರುಗಳಾದ ನಮ್ಮಲ್ಲಿಯೂ ಒಂದು ಭಯವಿದೆ. ಉತ್ತರ ಗೊತ್ತಿಲ್ಲವೆಂದು ಒಪ್ಪಿಕೊಂಡರೆ ಗೌರವ ಕಡಿಮೆಯಾದೀತೆಂಬ ಭಯ. ಒಂದು ಕಡೆಯ ಸಂಕೋಚ, ಇನ್ನೊಂದು ಕಡೆಯ ಅಳುಕು ಸೇರಿ ದೇವಾಲಯದಲ್ಲಿ ಮೌನ ನೆಲೆಸುತ್ತದೆ. ಈ ಮೌನವನ್ನೇ ನಾವು ಭಕ್ತಿಯೆಂದು ಭ್ರಮಿಸಿದ್ದೇವೆ.

ಶುಭಸಂದೇಶ ಹೇಳುವುದು ಬೇರೆಯೇ. ಹನ್ನೆರಡು ವರ್ಷದ ಬಾಲಯೇಸು ಮಹಾದೇವಾಲಯದಲ್ಲಿ ಸಿಕ್ಕಿದ್ದು ಬೋಧಕರ ನಡುವೆ, ಅವರ ಮಾತನ್ನು ಆಲಿಸುತ್ತ, ಅವರನ್ನು ಪ್ರಶ್ನಿಸುತ್ತ. ದೇವದೂತ ಗಬ್ರಿಯೇಲನ ಸಂದೇಶ ಕೇಳಿದಾಗ ಮಾತೆ ಮರಿಯಮ್ಮನವರೂ ಅದು ಹೇಗಾದೀತೆಂದು ಪ್ರಶ್ನಿಸಿದರು. ಅದೇ ಅಧ್ಯಾಯದಲ್ಲಿ ಜಕರೀಯನೂ ಪ್ರಶ್ನಿಸಿ ಮೂಕನಾದ. ಇಬ್ಬರ ಮಾತೂ ಹೆಚ್ಚುಕಡಿಮೆ ಒಂದೇ ತೆರನಾದದ್ದು, ವ್ಯತ್ಯಾಸವಿದ್ದುದು ಮನಸ್ಸಿನಲ್ಲಿ. ಒಬ್ಬನು ನಂಬಲು ಸಾಕ್ಷಿ ಬೇಡಿದ. ಇನ್ನೊಬ್ಬರು ನಂಬಿಯೇ, ನಡೆಯುವ ದಾರಿ ಕೇಳಿದರು.

ಸಂತ ತೋಮಸ್ ಅಕ್ವಿನಾಸರ ಮಹಾಗ್ರಂಥ 'ಸುಮ್ಮಾ ಥಿಯಾಲಜಿಯೇ'ಯ ಕಟ್ಟಡವೇ ಪ್ರಶ್ನೆಗಳದ್ದು. ದೇವರಿದ್ದಾನೆಯೇ ಎಂಬುದನ್ನೂ ಅವರು ಪ್ರಶ್ನೆಯಾಗಿಯೇ ಎತ್ತಿಕೊಂಡು, ಎದುರು ವಾದಗಳನ್ನು ಮೊದಲು ಮಂಡಿಸಿ, ಆಮೇಲೆ ಉತ್ತರಿಸುತ್ತಾರೆ. 13ನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಆಗಮನ ಕಾಲ ಮತ್ತು ತಪಸ್ಸು ಕಾಲಗಳಲ್ಲಿ, ನೆರೆದವರು ಯಾವ ವಿಷಯವನ್ನಾದರೂ ಕೇಳಬಹುದಾದ ಬಹಿರಂಗ ಚರ್ಚಾಸಭೆಗಳು ನಡೆಯುತ್ತಿದ್ದವು. ಅಂಥ ಸಭೆಯೊಂದರಲ್ಲಿ ಎದ್ದ ಪ್ರಶ್ನೆ: ಬೋಧಕನು ಅಧಿಕಾರವಾಣಿಯಿಂದ ಉತ್ತರಿಸಬೇಕೋ, ಕಾರಣ ಕೊಟ್ಟು ಉತ್ತರಿಸಬೇಕೋ? ಅಧಿಕಾರವಾಣಿಯೊಂದನ್ನೇ ಹೇಳಿದರೆ ಕೇಳುಗನಿಗೆ ವಿಷಯ ಖಚಿತವಾದೀತು, ಆದರೆ ಅರಿವೇನೂ ದಕ್ಕದೆ ಬರಿಗೈಯಲ್ಲಿ ಹಿಂದಿರುಗುತ್ತಾನೆ ಎಂಬುದು ಅವರ ಉತ್ತರದ ಸಾರ. ನಮ್ಮ ನಾಡಿಗೂ ಇದು ಹೊಸದಲ್ಲ. ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಋಷಿಯನ್ನು ಕೇಳಿದ ಆರು ಪ್ರಶ್ನೆಗಳಿಂದಲೇ ಪ್ರಶ್ನೋಪನಿಷತ್ತಿಗೆ ಆ ಹೆಸರು ಬಂದಿದೆ.

2019ರಲ್ಲಿ ಸಂತರೆಂದು ಘೋಷಿತರಾದ ಕಾರ್ಡಿನಲ್ ನ್ಯೂಮನ್ನರು ತೊಡಕು ಬೇರೆ, ಸಂದೇಹ ಬೇರೆ ಎಂದು ತೋರಿಸಿಕೊಟ್ಟರು. ಲೆಕ್ಕ ಬಿಡಿಸಲಾಗದ ವಿದ್ಯಾರ್ಥಿ ಆ ಲೆಕ್ಕಕ್ಕೆ ಉತ್ತರವೇ ಇಲ್ಲವೆಂದು ಹೇಳುವುದಿಲ್ಲ. ಹಾಗೆಯೇ ಪವಿತ್ರ ತ್ರಿತ್ವ ಅರ್ಥವಾಗಲಿಲ್ಲ ಎನ್ನುವ ಯುವಕ ವಿಶ್ವಾಸ ಕಳೆದುಕೊಂಡವನಲ್ಲ, ಅರಿಯುವ ಹಂಬಲವಿರುವವನು. ಅವನನ್ನು ಗದರಿಸಿ ಕಳುಹಿಸಿದರೆ ತೊಡಕು ತೊಡಕಾಗಿಯೇ ಉಳಿಯುವುದಿಲ್ಲ, ಸಂದೇಹವಾಗಿ ಬೆಳೆಯುತ್ತದೆ. ಮುಂದೆ ಅವನು ಉತ್ತರ ಹುಡುಕುವುದು ತನ್ನ ಮೊಬೈಲಿನಲ್ಲಿ. ಅಲ್ಲಿ ಉತ್ತರ ಕೊಡುವವರು ಯಾರೆಂದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಧರ್ಮಸಭೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡಿದೆ. ಶ್ರೀಸಾಮಾನ್ಯ ವಿಶ್ವಾಸಿಗಳು ತಮ್ಮ ಅಗತ್ಯಗಳನ್ನೂ ಅಪೇಕ್ಷೆಗಳನ್ನೂ ದೇವರ ಮಕ್ಕಳಿಗೆ ತಕ್ಕ ಸ್ವಾತಂತ್ರ್ಯದಿಂದ ಗುರುಗಳ ಮುಂದಿಡಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. 1983ರ ಕಾನೂನು ಸಂಹಿತೆಯ 212ನೆಯ ವಿಧಿ ಇದನ್ನೇ ವಿಶ್ವಾಸಿಗಳ ಹಕ್ಕೆಂದು ದಾಖಲಿಸಿದೆ. ವಿಶ್ವಗುರು ಫ್ರಾನ್ಸಿಸರು 2013ರ ತಮ್ಮ ಪ್ರಬೋಧನ ಪತ್ರದಲ್ಲಿ, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋಗಬೇಡಿರೆಂದು ಪ್ರಬೋಧಕರನ್ನು ಎಚ್ಚರಿಸಿದರು. ಜನರು ಏನು ಕೇಳುತ್ತಿದ್ದಾರೆಂದು ತಿಳಿಯದ ಗುರು ಈ ಎಚ್ಚರಿಕೆಯನ್ನು ಪಾಲಿಸುವುದಾದರೂ ಹೇಗೆ?

ಪ್ರಶ್ನೆ ಕೇಳುವವರು ಒಂದು ವಿಷಯ ತಿಳಿದಿರುವುದು ಒಳ್ಳೆಯದು. ದೇವಾಲಯದಲ್ಲಿ ಕೇಳಿಬರುವ ಮಾತುಗಳೆಲ್ಲ ಒಂದೇ ತೂಕದವಲ್ಲ. ಯೇಸುಸ್ವಾಮಿ ಪುನರುತ್ಥಾನರಾದರು ಎಂಬುದು ವಿಶ್ವಾಸಸತ್ಯ, ಅದು ಬದಲಾಗದು. ಲಿಂಬೋ ಎಂಬುದು ಅಭಿಪ್ರಾಯ. ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಶಿಸ್ತಿನ ನಿಯಮ. ನಮ್ಮ ಅಜ್ಜಅಜ್ಜಿಯರು ಮಧ್ಯರಾತ್ರಿಯಿಂದ ಉಪವಾಸವಿದ್ದರು. 1957ರಲ್ಲಿ ಅದು ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ನಿಯಮ ಬದಲಾಯಿತೆಂದರೆ ವಿಶ್ವಾಸ ಬದಲಾಯಿತೆಂದಲ್ಲ. ಇನ್ನು ನಮ್ಮ ಪ್ರಬೋಧನೆಯಲ್ಲಿ ನಮ್ಮ ಸ್ವಂತ ಮಾತೂ ಒಂದಿಷ್ಟು ಬೆರೆತಿರುತ್ತದೆ. "ಇದು ಧರ್ಮಸಭೆಯ ಬೋಧನೆಯೇ, ತಮ್ಮ ಅಭಿಪ್ರಾಯವೇ?" ಎಂದು ಕೇಳುವುದು ಉದ್ಧಟತನವಲ್ಲ, ವಿವೇಕ. ಅಂದು ಆ ತಾಯಿಯ ಪರವಾಗಿ ಯಾರಾದರೂ ಈ ಒಂದು ಪ್ರಶ್ನೆ ಕೇಳಿದ್ದರೆ ಅವರ ಹೊರೆ ಎಷ್ಟೋ ಹಗುರಾಗುತ್ತಿತ್ತು.

ಗುರುಗಳನ್ನು ಸಿಕ್ಕಿಸಲೆಂದೇ ಕೇಳುವ ಪ್ರಶ್ನೆಗಳೂ ಉಂಟು. ಕೈಸರನಿಗೆ ತೆರಿಗೆ ಕೊಡಬೇಕೇ ಎಂದು ಪ್ರಭುವನ್ನೇ ಕೇಳಿದವರಿದ್ದರು. ಅಂಥವರಿಗೂ ಅವರು ಉತ್ತರಿಸಿದರೆಂಬುದನ್ನು ಗುರುಗಳು ಮರೆಯಬಾರದು. ಪ್ರಶ್ನಿಸುವವರೂ ನೆನಪಿಡಬೇಕಾದ ಮಾತೊಂದಿದೆ. ಮಹಾದೇವಾಲಯದಲ್ಲಿ ಮಗ ಕೊಟ್ಟ ಉತ್ತರ ಮರಿಯಮ್ಮ, ಜೋಸೆಫರಿಗೆ ಆ ಕ್ಷಣವೇ ಅರ್ಥವಾಗಲಿಲ್ಲ. ಆ ತಾಯಿ ಅದನ್ನು ಎದೆಯಲ್ಲಿಟ್ಟುಕೊಂಡು ಕಾದರು. ಕೇಳುವುದಕ್ಕೆ ಧೈರ್ಯ ಬೇಕಾದಂತೆ, ಉತ್ತರ ಮಾಗುವವರೆಗೆ ಕಾಯುವುದಕ್ಕೆ ತಾಳ್ಮೆಯೂ ಬೇಕು.

ಆದ್ದರಿಂದ ನಮ್ಮ ಧರ್ಮಕೇಂದ್ರದಲ್ಲಿ ಒಂದು ಸಣ್ಣ ಏರ್ಪಾಡು ಮಾಡಿದ್ದೇವೆ. ತಿಂಗಳ ಮೊದಲ ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಪ್ರಶ್ನೆಗಳಿಗೆ ಮೀಸಲು. ನಾಲ್ಕು ಜನರೆದುರು ಕೇಳಲು ಸಂಕೋಚಪಡುವವರಿಗಾಗಿ ದೇವಾಲಯದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಟ್ಟಿದ್ದೇವೆ. ಹೆಸರಿಲ್ಲದೆ ಚೀಟಿ ಬರೆದು ಹಾಕಬಹುದು. ಬರೆಯಲು ಬಾರದ ಹಿರಿಯರು ಮನೆಗೆ ಬನ್ನಿರೆಂದು ಹೇಳಿಕಳುಹಿಸಿದರೆ ನಾವೇ ಹೋಗುತ್ತೇವೆ. ಇತರ ಧರ್ಮಕೇಂದ್ರಗಳ ಗುರುಬಂಧುಗಳೂ ತಮಗೆ ಅನುಕೂಲವಾದ ರೀತಿಯಲ್ಲಿ ಇದನ್ನು ಪ್ರಯತ್ನಿಸಬೇಕೆಂದು ವಿನಂತಿಸುತ್ತೇವೆ. ತಂದೆತಾಯಂದಿರಲ್ಲಿ ನಮ್ಮ ಬೇಡಿಕೆ ಒಂದೇ. ದೇವರ ವಿಷಯವಾಗಿ ಮಗು ಏನನ್ನಾದರೂ ಕೇಳಿದಾಗ ಸುಮ್ಮನಿರೆಂದು ಹೇಳಬೇಡಿರಿ. ನಿಮಗೆ ಉತ್ತರ ತಿಳಿಯದಿದ್ದರೆ ಮಗುವನ್ನು ಕರೆದುಕೊಂಡು ಬನ್ನಿ.

ಅಂದು ಆ ತಾಯಿಯೊಂದಿಗೆ ಹೊಂಗೆಮರದ ಬಳಿ ಹೋಗಿ, ಅಲ್ಲಿಯೂ ತೀರ್ಥ ಪ್ರೋಕ್ಷಿಸಿ, ಆ ಮಗುವಿಗಾಗಿ ಪ್ರಾರ್ಥಿಸಿದೆವು. ಅರವತ್ತು ವರ್ಷ ತಡವಾಗಿ ಮಾಡಿದ ಕೆಲಸವದು. ಇನ್ನಾರ ವಿಷಯದಲ್ಲಿಯೂ ಇಷ್ಟು ತಡವಾಗದಿರಲಿ. ಬನ್ನಿ, ಕೇಳಿ. ತಿಳಿದಿದ್ದರೆ ಅಂದೇ ಹೇಳುತ್ತೇವೆ. ತಿಳಿಯದಿದ್ದರೆ ಓದಿ, ಬಲ್ಲವರನ್ನು ಕೇಳಿ, ಮುಂದಿನ ಭಾನುವಾರ ಹೇಳುತ್ತೇವೆ.