ಲಾಳಿಗೆ ನೌಕೆಯೆಂದವರು ಯಾರು?

ಕಳೆದ ವರ್ಷ ನಮ್ಮ ಕಾಲೇಜಿನ ಪದವಿ ತರಗತಿಯವರಿಗೆ ‘ನನ್ನ ಊರು’ ಎಂಬ ವಿಷಯ ಕೊಟ್ಟು, ನಾಲ್ಕು ಪುಟಗಳ ಪ್ರಬಂಧವನ್ನು ಬರೆದು ತರಲು ಹೇಳಿದ್ದೆ. ಬನಹಟ್ಟಿಯಿಂದ ಜಮಖಂಡಿಗೆ ದಿನವೂ ಬಸ್ಸಿನಲ್ಲಿ ಬಂದುಹೋಗುವ, ನೇಕಾರರ ಮನೆಯ ಹುಡುಗನೊಬ್ಬನ ಪ್ರಬಂಧ ಬಹು ಅಚ್ಚುಕಟ್ಟಾಗಿ ಕಂಡಿತು. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು, ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ‘ಮಗ್ಗದ ಎಳೆಗಳ ನಡುವೆ ನೌಕೆಯು ಅತ್ತಿಂದಿತ್ತ ಚಲಿಸುತ್ತದೆ’ ಎಂಬ ವಾಕ್ಯ ಬಂದೊಡನೆ ರಬಕವಿಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಆಗ ನನಗೆ ಎಚ್ಚರವಾಯಿತು. ಹುಡುಗನು ಇಂಗ್ಲಿಷಿನ ಲೇಖನವೊಂದನ್ನು ಯಂತ್ರದ ಬಾಯಿಗೆ ಕೊಟ್ಟು ಕನ್ನಡ ಮಾಡಿಸಿದ್ದನು. ಆ ಯಂತ್ರಕ್ಕೆ ‘ಶಟಲ್’ ಎಂದರೆ ಆಕಾಶಕ್ಕೆ ಹಾರುವ ನೌಕೆಯೊಂದೇ ಗೊತ್ತು!

“ಯಾಕಪ್ಪಾ, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?” ಎಂದು ಕೇಳಿದೆ. “ಲಾಳಿ ಅಂತಾರ್ರೀ ಸರ್. ಆದರ ಅದು ಬರಿಯೋ ಶಬ್ದ ಅಲ್ಲ ಅಂತ ತಿಳಕೊಂಡಿದ್ನಿ” ಎಂದನು.

ಹುಡುಗನ ತಪ್ಪು ದೊಡ್ಡದಲ್ಲ. ಆದರೆ ಕನ್ನಡದಲ್ಲಿ ಎಂ.ಎ. ಮಾಡಿ, ಇಷ್ಟು ವರ್ಷ ಪಾಠ ಹೇಳಿದ ನಾನು ಅದನ್ನು ಓದಿಯೂ ಕಾಣದೆ ಒಂಬತ್ತು ಅಂಕ ಕೊಟ್ಟೆನಲ್ಲ, ಅದು ಸಣ್ಣ ತಪ್ಪೇ? ಅಪ್ಪನ ಕೈಯಲ್ಲಿರುವ ಶಬ್ದ ಬರೆಯಲು ಯೋಗ್ಯವಲ್ಲವೆಂದು ಆ ಹುಡುಗನಿಗೆ ಕಲಿಸಿದವರು ನಾವೇ ಅಲ್ಲವೆ?

ಅಂದಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ. ಇಂದಿನ ಯಂತ್ರಗಳು ತಾವಾಗಿ ಏನನ್ನೂ ಬಲ್ಲವಲ್ಲ. ಅಂತರಜಾಲದಲ್ಲಿ ಮನುಷ್ಯರು ಬರೆದಿಟ್ಟದ್ದನ್ನು ನೋಡಿ ಕಲಿಯುತ್ತವೆ. ಲಾಳಿಯನ್ನು ಬಲ್ಲವರು ಅಲ್ಲಿ ಬರೆಯಲಿಲ್ಲ. ಆದುದರಿಂದ ನೌಕೆ ಬಂದು ಕುಳಿತಿತು. ಬಿಟ್ಟ ಸ್ಥಳ ಬರಿದಾಗಿ ಉಳಿಯುವುದಿಲ್ಲ.

ಕನ್ನಡ ವಿಕಿಪೀಡಿಯ ಆರಂಭವಾದದ್ದು ೨೦೦೩ರಲ್ಲಿ. ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಬರೆಯುವವರು ಅದನ್ನು ಕಟ್ಟಿದ್ದಾರೆ. ಅದರ ಲೇಖನಗಳ ಸಂಖ್ಯೆ ೩೦ ಸಾವಿರವನ್ನು ದಾಟಿದೆ. ಸಂತೋಷವೇ. ಆದರೆ ೨೦೧೧ರ ಜನಗಣತಿಯಲ್ಲಿ ನಮಗಿಂತ ಕಡಿಮೆ ಜನರು ತಮ್ಮ ಮಾತೃಭಾಷೆಯೆಂದು ಹೇಳಿದ ಮಲಯಾಳದಲ್ಲಿ ಆ ಸಂಖ್ಯೆ ೮೦ ಸಾವಿರಕ್ಕೂ ಹೆಚ್ಚು. ಕನ್ನಡಿಗರಿಗೆ ಅಭಿಮಾನ ಕಡಿಮೆಯೆಂದು ನಾನು ಹೇಳಲಾರೆ. ನಮ್ಮ ಅಭಿಮಾನ ವೇದಿಕೆಯ ಮೇಲೆ ಹೆಚ್ಚು, ಮೇಜಿನ ಮುಂದೆ ಕಡಿಮೆ ಎಂದಷ್ಟೇ ನನ್ನ ನಮ್ರ ಅಭಿಪ್ರಾಯ.

ವಿದ್ಯೆಯನ್ನು ಬೆಲೆಯಿಲ್ಲದೆ ಹಂಚುವ ಈ ಕಾರ್ಯ ಪರದೇಶದಿಂದ ಬಂದ ಹೊಸ ಹುರುಪೆಂದು ಕೆಲವರು ತಿಳಿದಿದ್ದಾರೆ. ಅವರು ನಮ್ಮ ಮುಧೋಳದ ರನ್ನನನ್ನು ನೆನೆಯಬೇಕು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಗೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಹತ್ತನೆಯ ಶತಮಾನದಲ್ಲಿ, ಓಲೆ ಕಂಠಗಳ ಕಾಲದಲ್ಲಿ, ಸಾವಿರ ಪ್ರತಿ! ಅದಕ್ಕಿಂತ ಮುಕ್ತವಾದ ಜ್ಞಾನದಾನ ಇನ್ನಾವುದು?

ಅಷ್ಟು ಹಿಂದೆ ಹೋಗುವುದೂ ಬೇಡ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಇದೇ ಬನಹಟ್ಟಿಯ ಮನೆಯೊಂದರಲ್ಲಿ ವಚನಗಳ ತಾಡವೋಲೆಗಳನ್ನು ಕಂಡರು. ಮುಂದೆ ಅವರ ಬಾಳೆಲ್ಲ ಅಂಥ ಕಟ್ಟುಗಳನ್ನು ಹುಡುಕಿ, ಪ್ರತಿಮಾಡಿ, ಅಚ್ಚುಹಾಕಿಸುವುದರಲ್ಲಿಯೇ ಸಂದಿತು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. ಮುದ್ರಣಾಲಯಕ್ಕಾಗಿ ಅವರು ಇದ್ದ ಮನೆಯನ್ನೇ ಮಾರಿದರು. ಹಳಕಟ್ಟಿಯವರು ತೀರಿಕೊಂಡದ್ದು ೧೯೬೪ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕನ ಮರಣಾನಂತರ ೬೦ ವರ್ಷ ಗ್ರಂಥಸ್ವಾಮ್ಯವಿರುತ್ತದೆ. ಎಂದರೆ ೨೦೨೫ರ ಜನವರಿ ೧ರಿಂದ ಅವರ ಬರಹಗಳು ಸರ್ವರ ಸ್ವತ್ತಾಗಿವೆ. ಈಗ ಯಾರೂ ಮನೆ ಮಾರಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಸಾಕು.

ಅದು ಹೇಗೆಂದು ವಾಚಕರು ಕೇಳಬಹುದು. ವಿಕಿಸೋರ್ಸ್ ಎಂಬ ತಾಣದಲ್ಲಿ ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಬದಿಗೆ, ಬೆರಳಚ್ಚಿನ ಪಾಠ ಇನ್ನೊಂದು ಬದಿಗೆ ಇರುತ್ತವೆ. ಒಬ್ಬರು ಚಿತ್ರವನ್ನು ನೋಡಿ ಪಾಠವನ್ನು ತಿದ್ದುತ್ತಾರೆ. ಪುಟಕ್ಕೆ ಹಳದಿ ಗುರುತು ಬೀಳುತ್ತದೆ. ಬೇರೊಬ್ಬರು ಮತ್ತೆ ತಾಳೆ ನೋಡಿ ಒಪ್ಪಿದರೆ ಗುರುತು ಹಸಿರಾಗುತ್ತದೆ. ತಾನು ತಿದ್ದಿದ್ದಕ್ಕೆ ತಾನೇ ಒಪ್ಪಿಗೆ ಕೊಡುವಂತಿಲ್ಲ. ಪಾಠಾಂತರಗಳ ಪಾಠ ಹೇಳುವ ನಮಗೆ ಇದಕ್ಕಿಂತ ಹತ್ತಿರದ ಕೆಲಸ ಬೇರೆ ಇದೆಯೆ?

‘ಯಾರು ಬೇಕಾದರೂ ಬರೆಯುವ ಕೋಶವನ್ನು ನಂಬುವುದೆಂತು?’ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಸಂಶಯ ಯೋಗ್ಯವೇ. ಅಲ್ಲಿ ತಪ್ಪುಗಳಿವೆ, ಯಂತ್ರಾನುವಾದದ ಕಸವೂ ಉಂಟು. ಆದರೆ ಯಾರು ಯಾವಾಗ ಏನು ತಿದ್ದಿದರೆಂಬುದೆಲ್ಲ ಅಲ್ಲಿ ದಾಖಲೆಯಾಗಿ ಉಳಿಯುತ್ತದೆ. ಬರೆದ ಮಾತಿಗೆ ಆಧಾರ ತೋರಿಸಬೇಕಾಗುತ್ತದೆ. ತಪ್ಪನ್ನು ಕಂಡು ತಿದ್ದದೆ ಹೋದ ವಿದ್ವಾಂಸನಿಗೆ ಆ ತಪ್ಪನ್ನು ದೂರುವ ಅಧಿಕಾರವಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆ ಇದೆ. ಕೂಲಿಯಿಲ್ಲದ ಈ ಕೆಲಸವನ್ನು, ಕೂಲಿಗಾಗಿಯೇ ಮಗ್ಗ ಹೂಡುವ ಮನೆಯ ಮಕ್ಕಳಿಂದ ಕೇಳುವುದು ನ್ಯಾಯವೆ? ತಿಂಗಳ ಸಂಬಳ ಪಡೆಯುವ ನಾವು ಮೊದಲು ಕುಳಿತುಕೊಳ್ಳದೆ ಅವರಿಗೆ ಕನ್ನಡಸೇವೆಯ ಉಪದೇಶ ಮಾಡುವುದು ಖಂಡಿತ ನ್ಯಾಯವಲ್ಲ. ಅಂಕದ ಆಸೆ ತೋರಿಸಿ ಬರೆಯಿಸುವುದೂ ಸಲ್ಲ. ಅಂಕದ ಬೆನ್ನು ಹತ್ತಿದ ಬರಹಕ್ಕೆ ಏನಾಗುವುದೆಂಬುದನ್ನು ನೌಕೆಯ ಪ್ರಸಂಗ ನನಗೆ ಕಲಿಸಿದೆ.

ಆದುದರಿಂದ ನಮ್ಮ ನಾಲ್ಕು ಊರುಗಳ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಹಳಕಟ್ಟಿಯವರ ಗ್ರಂಥಗಳ ಪುಟಗಳನ್ನು ನಾವು ತಿದ್ದೋಣ. ವಿದ್ಯಾರ್ಥಿಗಳಿಂದ ಅವರ ಮನೆಯ ವಿದ್ಯೆಯನ್ನು ಕೇಳೋಣ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಹಿರಿಯರಿದ್ದಾರೆ. ಹಳೆಯ ಓಣಿಗಳ, ಬಾವಿಗಳ, ಹೊಲಗಳ ಹೆಸರುಗಳು ಅವರ ನೆನಪಿನಲ್ಲಿ ಮಾತ್ರ ಉಳಿದಿವೆ. ಬಾಯಿಮಾತು ವಿಕಿಪೀಡಿಯಕ್ಕೆ ಆಧಾರವಾಗದು ನಿಜ. ಅದಕ್ಕೆ ಕಾಲೇಜಿನ ವಾರ್ಷಿಕ ಸಂಚಿಕೆಗಳಿವೆಯಲ್ಲ! ಪ್ರಾಚಾರ್ಯರ ಭಾವಚಿತ್ರಗಳನ್ನು ಎರಡು ಪುಟ ಕಡಿಮೆ ಮಾಡಿ, ಹಿರಿಯರ ಮಾತನ್ನು ಪರೀಕ್ಷಿಸಿ ಅಲ್ಲಿ ಅಚ್ಚುಮಾಡೋಣ. ಅಚ್ಚಾದದ್ದು ಮುಂದೆ ಬರೆಯುವವನಿಗೆ ಆಧಾರವಾಗುತ್ತದೆ. ಮಗ್ಗದ ಶಬ್ದಗಳಿಗಂತೂ ವಿಕ್ಷನರಿಯ ಬಾಗಿಲು ತೆರೆದೇ ಇದೆ.

ಆ ಹುಡುಗ ಮುಂದಿನ ವಾರ ತಂದೆಯನ್ನು ಕೇಳಿ ಒಂದು ಪಟ್ಟಿ ಬರೆದು ತಂದನು. ಲಾಳಿ, ಕಂಡಿಕೆ, ಹಾಸು, ಹೊಕ್ಕು, ಕುಣಿಮಗ್ಗ ಎಂದು ಮೊದಲಾಗಿ ಎರಡು ಪುಟ. ಅರ್ಧಕ್ಕಿಂತ ಹೆಚ್ಚು ಶಬ್ದಗಳು ನನಗೆ ತಿಳಿಯಲಿಲ್ಲ. “ಇದಕ್ಕ ಎಷ್ಟು ಅಂಕರೀ ಸರ್?” ಎಂದು ರಬಕವಿಯ ಆ ಹುಡುಗಿ ಕೇಳಿದಳು. ಉತ್ತರ ಹೇಳಲಾಗಲಿಲ್ಲ. ಪರೀಕ್ಷೆಯಲ್ಲಿ ಕುಳಿತವನು ಅಂದು ನಾನಾಗಿದ್ದೆ.